ಆಲೆಮನೆ ಹೊಗೆ ಯಾಕೆ ಮೇಲೇರುತ್ತಿಲ್ಲ? ಡ್ರೋನ್‌ಗೆ ಸೆನ್ಸರ್ ಕಟ್ಟಿ ಅಳೆಯುತ್ತಿದ್ದೇನೆ, ಅಂಕಿ ಹೊಂದುತ್ತಿಲ್ಲ

ಕಬ್ಬಿನಗದ್ದೆ | ಜನವರಿ 9, ಸಂಜೆ 6:20

ಎಲ್ಲರಿಗೂ ನಮಸ್ಕಾರ. ನಮ್ಮೂರು ಮಂಡ್ಯದ ಹತ್ತಿರ. ಮನೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಒಂದು ಆಲೆಮನೆ ಇದೆ. ಈ ಚಳಿಯಲ್ಲಿ ಬೆಳಗ್ಗೆ ಏಳು ಗಂಟೆಗೆ ಹೊರಗೆ ಬಂದು ನೋಡಿದರೆ ಅದರ ಹೊಗೆ ನೆಟ್ಟಗೆ ಮೇಲೇಳುತ್ತದೆ. ಎರಡು ತೆಂಗಿನಮರದಷ್ಟು ಎತ್ತರಕ್ಕೆ ಹೋದದ್ದೇ ಯಾರೋ ಕೈ ಅಡ್ಡ ಇಟ್ಟ ಹಾಗೆ ನಿಂತುಬಿಡುತ್ತದೆ. ಅಲ್ಲಿಂದ ಅಡ್ಡಡ್ಡ ಹರಡಿ ಗದ್ದೆ ಬಯಲಿಗೆಲ್ಲ ಕಂಬಳಿ ಹೊದಿಸಿದಂತೆ ಕೂರುತ್ತದೆ. ಒಂಬತ್ತೂವರೆ, ಹತ್ತು ಗಂಟೆವರೆಗೂ ಕದಲುವುದಿಲ್ಲ.

ಅಪ್ಪನಿಗೆ ಉಬ್ಬಸ ಇದೆ. ಇಂಥ ಬೆಳಗಿನಲ್ಲಿ ಹಿತ್ತಲಿಗೆ ಹೋಗಿ ಬಂದರೂ ಏದುಸಿರು ಬಿಡುತ್ತಾರೆ. ಯಾವತ್ತು ಎಷ್ಟು ಹೊತ್ತಿಗೆ ಗಾಳಿ ತಿಳಿಯಾಗುತ್ತದೆ ಅಂತ ಗೊತ್ತಾದರೆ ಅವರು ನಡೆಯಲು ಹೋಗುವ ಹೊತ್ತನ್ನು ಬದಲಾಯಿಸಬಹುದು. ಅದಕ್ಕೇ ಈ ಕೆಲಸಕ್ಕೆ ಕೈ ಹಾಕಿದೆ.

ನಾನೇ ಜೋಡಿಸಿದ ನಾಲ್ಕು ರೆಕ್ಕೆಯ ಡ್ರೋನ್ ಇದೆ, ತೂಕ 1.4 ಕೆ.ಜಿ. ಅದಕ್ಕೆ ತಾಪ, ತೇವ ಅಳೆಯುವ ಬಿಎಂಇ280 ಸೆನ್ಸರ್ ಕಟ್ಟಿ 120 ಮೀಟರ್‌ವರೆಗೆ ಹಾರಿಸಿದೆ. ಏರುವಾಗ ನೆಲದಲ್ಲಿ 16.8 ಡಿಗ್ರಿ, ತುದಿಯಲ್ಲಿ 18.1 ತೋರಿಸಿತು. ಇಳಿದು ಬಂದಾಗ ಅದೇ ನೆಲದಲ್ಲಿ 20.3! ಹೋಗಿ ಬಂದದ್ದು ಏಳೇ ನಿಮಿಷ. ಅಂಗಳದಲ್ಲಿರುವ ಪಾದರಸದ ಥರ್ಮಾಮೀಟರ್ 14.9 ಅನ್ನುತ್ತಿದೆ. ನಾಲ್ಕು ಸಲ ಹಾರಿಸಿದರೂ ಇದೇ ಕಥೆ. ಯಾವುದನ್ನು ನಂಬಲಿ?

ರೋಟರ್_ರಿಪೇರಿ | ಜನವರಿ 9, ಸಂಜೆ 7:05

ಸೆನ್ಸರ್ ಎಲ್ಲಿ ಕಟ್ಟಿದ್ದೀರಿ? ಫೋಟೋ ಇದ್ದರೆ ಹಾಕಿ.

ಕಬ್ಬಿನಗದ್ದೆ | ಜನವರಿ 9, ಸಂಜೆ 7:12

ಹೊಟ್ಟೆ ಕೆಳಗೆ, ಬ್ಯಾಟರಿ ಪಕ್ಕ. ಇಬ್ಬನಿ ತಾಗದಿರಲಿ ಅಂತ ಚಿಕ್ಕ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಎರಡು ತೂತು ಕೊರೆದಿದ್ದೇನೆ.

ರೋಟರ್_ರಿಪೇರಿ | ಜನವರಿ 9, ರಾತ್ರಿ 8:40

ಹಾಗಾದರೆ ನೀವು ಅಳೆದದ್ದು ಡಬ್ಬಿಯೊಳಗಿನ ಗಾಳಿಯನ್ನು. ನಾನು ಬೆಂಗಳೂರಿನಲ್ಲಿ ಡ್ರೋನ್ ರಿಪೇರಿ ಮಾಡುವವನು. ಇಂಥದ್ದನ್ನು ಬಹಳ ನೋಡಿದ್ದೇನೆ. ನಿಮ್ಮಲ್ಲಿ ಮೂರು ತೊಂದರೆ ಒಟ್ಟಿಗೆ ಸೇರಿಕೊಂಡಿವೆ.

ಹಾರುತ್ತಾ ಹಾರುತ್ತಾ ಬ್ಯಾಟರಿ ಬಿಸಿಯಾಗುತ್ತದೆ. ಲ್ಯಾಂಡ್ ಆದ ಕೂಡಲೇ ಮುಟ್ಟಿ ನೋಡಿ, ಕೈ ಬೆಚ್ಚಗಾಗುತ್ತದೆ. ಮೋಟಾರು, ಅದರ ವೇಗ ನಿಯಂತ್ರಿಸುವ ಇಎಸ್‌ಸಿ ಕೂಡ ಹಾಗೆಯೇ. ಆ ಬಿಸಿ ಪಕ್ಕದ ಡಬ್ಬಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಇಳಿಯುವಾಗ ಜಾಸ್ತಿ ತೋರಿಸಿದ್ದಕ್ಕೆ ಅದೇ ಮುಖ್ಯ ಕಾರಣ.

ಮುಚ್ಚಿದ ಡಬ್ಬಿಯಲ್ಲಿ ಹೊರಗಿನ ಗಾಳಿ ಬದಲಾದದ್ದು ಸೆನ್ಸರ್‌ಗೆ ತಿಳಿಯಲು ತಡವಾಗುತ್ತದೆ. ನೀವು 100 ಮೀಟರ್‌ನಲ್ಲಿ ಇರುವಾಗ ಅದು 40 ಮೀಟರ್‌ನ ಗಾಳಿಯನ್ನೇ ಹೇಳುತ್ತಿರಬಹುದು.

ಇನ್ನು ರೆಕ್ಕೆಗಳ ವಿಷಯ. ಅವು ಮೇಲಿನ ಗಾಳಿಯನ್ನು ಎಳೆದು ಕೆಳಕ್ಕೆ ತಳ್ಳುತ್ತವೆ. ಏರುವಾಗ ಪರವಾಗಿಲ್ಲ, ಕಲಕದ ಹೊಸ ಗಾಳಿಗೆ ಹೋಗುತ್ತಿರುತ್ತೀರಿ. ಇಳಿಯುವಾಗ ನೀವೇ ಕಲಕಿದ ಗಾಳಿಯೊಳಗೆ ಇಳಿಯುತ್ತೀರಿ. ಆದ್ದರಿಂದ ಇಳಿಯುವಾಗಿನ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಡಬ್ಬಿ ತೆಗೆಯಿರಿ. ಮಣಿಯಂಥ ಚಿಕ್ಕ ಥರ್ಮಿಸ್ಟರ್, ಅಂದರೆ ತಾಪ ಅಳೆಯುವ ಸೆನ್ಸರ್, ತನ್ನಿ. ಮುಂದಕ್ಕೆ ಚಾಚಿದ ಹಗುರ ಕಡ್ಡಿಯ ತುದಿಗೆ, ರೆಕ್ಕೆಯ ಸುತ್ತಳತೆಯಿಂದ ಆಚೆ ಕಟ್ಟಿ. ಬಿಸಿಲು ನೇರ ಬೀಳದಂತೆ ಬಿಳಿ ಮರೆ ಇರಲಿ, ಆದರೆ ಗಾಳಿ ಎರಡೂ ಕಡೆಯಿಂದ ಹಾಯ್ದು ಹೋಗಬೇಕು. ಸೆಕೆಂಡಿಗೆ 1 ಮೀಟರ್‌ಗಿಂತ ಬೇಗ ಏರಿಸಬೇಡಿ.

ಹೈಡ್ರೋಜನ್_ಬಲೂನು | ಜನವರಿ 10, ಬೆಳಗ್ಗೆ 5:50

ಈ ಚರ್ಚೆ ನೋಡಿ ಬಹಳ ಖುಷಿಯಾಯಿತು. ನಾನು ಹವಾಮಾನ ಬಲೂನು ಬಿಡುವ ಕೆಲಸದಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತನಾದವನು. ಈಗಲೂ ನಾಲ್ಕು ಗಂಟೆಗೆ ಎಚ್ಚರ ಆಗಿಬಿಡುತ್ತದೆ.

ಜಗತ್ತಿನಾದ್ಯಂತ ಬಲೂನು ಬಿಡುವುದು ಒಂದೇ ಗಡಿಯಾರಕ್ಕೆ. ಗ್ರೀನಿಚ್ ಸಮಯ 0 ಗಂಟೆ ಮತ್ತು 12 ಗಂಟೆ. ನಮಗೆ ಅದು ಬೆಳಗ್ಗೆ 5:30, ಸಂಜೆ 5:30. ಆ ಹೊತ್ತಿಗೆ ಬಲೂನು ಮೇಲೆ ಇರಬೇಕೆಂದರೆ ನಾವು ಅದಕ್ಕೂ ಮೊದಲೇ ಬಿಡಬೇಕು. ಹೈಡ್ರೋಜನ್ ತುಂಬುವ ಕೋಣೆಗೆ ಹತ್ತಿ ಬಟ್ಟೆ ಹಾಕಿಕೊಂಡೇ ಹೋಗಬೇಕು, ಒಂದು ಕಿಡಿ ಹಾರಿದರೂ ಮುಗಿಯಿತು. ತುಂಬಿದ ಬಲೂನು ಆಳೆತ್ತರ ಇರುತ್ತದೆ. ಅದರ ರಬ್ಬರು ಅಂಗೈಗೆ ಬಾಳೆಎಲೆಯ ಹಾಗೆ ತಣ್ಣಗೆ, ನುಣ್ಣಗೆ ಹತ್ತುತ್ತದೆ. ಕೆಳಗೆ ದಾರ, ದಾರದ ತುದಿಗೆ ರೇಡಿಯೋಸೋಂಡ್ ಎನ್ನುವ ಪುಟ್ಟ ಪೆಟ್ಟಿಗೆ. ಬಿಟ್ಟ ಮೇಲೆ ಸೆಕೆಂಡಿಗೆ ಸುಮಾರು 5 ಮೀಟರ್ ಏರುತ್ತದೆ. 30 ಕಿ.ಮೀ. ದಾಟಿದ ಮೇಲೆ ಉಬ್ಬಿ ಉಬ್ಬಿ ಒಡೆಯುತ್ತದೆ. ಪೆಟ್ಟಿಗೆ ಎಲ್ಲೋ ಬೀಳುತ್ತದೆ, ಬಹುಪಾಲು ವಾಪಸ್ ಸಿಗುವುದಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಸೆಕೆಂಡಿಗೆ 5 ಮೀಟರ್ ಅಂದರೆ 120 ಮೀಟರ್ ದಾಟಲು 24 ಸೆಕೆಂಡ್ ಸಾಕು. ನಿಮ್ಮ ಹೊಗೆ ನಿಲ್ಲುವ ಪದರವನ್ನು ನಮ್ಮ ಬಲೂನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿರುತ್ತದೆ. ನಿಮಗೆ ಹತ್ತಿರದ ಬಲೂನು ಕೇಂದ್ರ ಬೆಂಗಳೂರು. ಅದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಮಂಡ್ಯ ಸುಮಾರು 680. ಅಂದರೆ ನಿಮ್ಮ ತಲೆ ಮೇಲಿನ ಮೊದಲ 240 ಮೀಟರ್ ಗಾಳಿ ಬೆಂಗಳೂರಿನ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅಪ್ಪ ಉಸಿರಾಡುವ ಗಾಳಿಯನ್ನು ಯಾರೂ ಅಳೆದಿಲ್ಲ ಮಗಾ, ನೀನೇ ಮೊದಲು ಅಳೆಯುತ್ತಿರುವುದು. ಏಕವಚನ ಬಂತು, ಬೇಜಾರು ಮಾಡಿಕೊಳ್ಳಬೇಡಿ.

ಕಬ್ಬಿನಗದ್ದೆ | ಜನವರಿ 10, ಬೆಳಗ್ಗೆ 6:30

ಖಂಡಿತ ಬೇಜಾರಿಲ್ಲ ಸರ್. ಹಾಗೇ ಕರೆಯಿರಿ. ಈ 240 ಮೀಟರ್ ವಿಷಯ ನನಗೆ ಹೊಳೆದೇ ಇರಲಿಲ್ಲ.

ಕಾಫಿಕಣ | ಜನವರಿ 10, ಬೆಳಗ್ಗೆ 9:15

ಸಕಲೇಶಪುರದ ಕಡೆಯಿಂದ ಬರೆಯುತ್ತಿದ್ದೇನೆ. ಒಂದು ನೇರ ಪ್ರಶ್ನೆ. ಇದರಿಂದ ಬೆಳೆಗಾರನಿಗೆ ಏನು ಸಿಗುತ್ತದೆ? ನಮಗೆ ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಬದುಕಿನ ಪ್ರಶ್ನೆ. ಮಾರ್ಚ್‌ನಲ್ಲಿ ಮಧ್ಯಾಹ್ನ ಮೋಡ ಕಟ್ಟುತ್ತದೆ, ಗುಡುಗುತ್ತದೆ. ಒಂದೊಂದು ದಿನ ಸುರಿಯುತ್ತದೆ, ಒಂದೊಂದು ದಿನ ಹಾಗೇ ಕರಗಿ ಹೋಗುತ್ತದೆ. ಮಳೆ ಬರುತ್ತದೆ ಅಂತ ಕಾದು ಸ್ಪ್ರಿಂಕ್ಲರ್ ಹಾಕದೆ ಬಿಟ್ಟರೆ ಮೊಗ್ಗು ಒಣಗುತ್ತದೆ. ಹಾಕಿಬಿಟ್ಟು ಸಂಜೆ ಮಳೆ ಬಂದರೆ ಡೀಸೆಲ್ ದುಡ್ಡು ಹೋಯಿತು. ಹೋದ ವರ್ಷ ಎರಡು ಸಲ ಹೀಗಾಯಿತು. ಮೊಬೈಲ್‌ನಲ್ಲಿ ಬರುವ ಮುನ್ಸೂಚನೆ ನೋಡಿಯೇ ತೀರ್ಮಾನ ಮಾಡಿದ್ದೆ. ಡ್ರೋನ್ ಇದನ್ನು ಹೇಳಬಲ್ಲದಾ?

ನಾರ್ಮನ್_ಕನ್ನಡತಿ | ಜನವರಿ 10, ರಾತ್ರಿ 9:50

ನಾನು ಧಾರವಾಡದವಳು, ಈಗ ಅಮೆರಿಕದ ಓಕ್ಲಹೋಮಾದಲ್ಲಿ ನಾರ್ಮನ್ ಎಂಬ ಊರಲ್ಲಿದ್ದೇನೆ. ವಾತಾವರಣ ವಿಜ್ಞಾನ ಓದಿದವಳು. ಕಾಫಿಕಣ ಅವರ ಪ್ರಶ್ನೆ ಈ ಇಡೀ ವಿಷಯದ ಬೇರು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಗುಡುಗು ಮಳೆ ಅಡುಗೆಯಾಗುವುದು ನೆಲದಿಂದ ಒಂದೂವರೆ, ಎರಡು ಕಿಲೋಮೀಟರ್ ಒಳಗೆ. ಬಿಸಿಲಿಗೆ ನೆಲ ಕಾದು ತೇವದ ಗಾಳಿ ಮೇಲೇಳುತ್ತದೆ. ಮೇಲೆ ಎಲ್ಲೋ ಒಂದು ಬೆಚ್ಚನೆ ಗಾಳಿಯ ಪದರ ಮುಚ್ಚಳದ ಹಾಗೆ ಕೂತಿರುತ್ತದೆ. ಮಧ್ಯಾಹ್ನದೊಳಗೆ ಕೆಳಗಿನ ಗಾಳಿ ಆ ಮುಚ್ಚಳವನ್ನು ಒಡೆದು ಹೋದರೆ ನಿಮಗೆ ಮಳೆ. ಒಡೆಯದಿದ್ದರೆ ಮೋಡ ಕರಗುತ್ತದೆ. ತೇವದ ಪದರ ಎಷ್ಟು ದಪ್ಪ, ಮುಚ್ಚಳ ಎಷ್ಟು ಗಟ್ಟಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಬಲೂನು ಬೆಳಗ್ಗೆ ಮತ್ತು ಸಂಜೆ ಹೋಗುತ್ತದೆ. ಅಡುಗೆ ನಡೆಯುವುದು ನಡುವೆ, 11ರಿಂದ 3 ಗಂಟೆಯೊಳಗೆ. ಉಪಗ್ರಹ ಮೇಲಿಂದ ನೋಡುವುದರಿಂದ ನೆಲದ ಹತ್ತಿರದ ಪದರಗಳನ್ನು ಬಿಡಿಸಿ ಹೇಳುವುದು ಅದಕ್ಕೆ ಕಷ್ಟ. ರೇಡಾರ್ ಕಿರಣ ನೇರ ಹೋಗುತ್ತದೆ, ಭೂಮಿ ಬಾಗುತ್ತಾ ಹೋಗುತ್ತದೆ. 200 ಕಿ.ಮೀ. ದೂರ ತಲುಪುವ ಹೊತ್ತಿಗೆ ಅತಿ ತಗ್ಗಿನ ಕಿರಣವೂ ನೆಲದಿಂದ ಸುಮಾರು 4 ಕಿ.ಮೀ. ಮೇಲಿರುತ್ತದೆ. ನೆಲದ ಹವಾಮಾನ ಕೇಂದ್ರ ತಾಪಮಾನವನ್ನು ಆಳೆತ್ತರದಲ್ಲಿ, ಗಾಳಿಯನ್ನು 10 ಮೀಟರ್ ಕಂಬದಲ್ಲಿ ಅಳೆಯುತ್ತದೆ. ನಡುವಿನ ಗಾಳಿಯನ್ನು ಅಳೆಯುವವರೇ ಇಲ್ಲ.

ಓಕ್ಲಹೋಮಾದಲ್ಲಿ 1994ರಿಂದ ಮೆಸೋನೆಟ್ ಎಂಬ ಹವಾಮಾನ ಕೇಂದ್ರಗಳ ಜಾಲ ಇದೆ. 77 ಕೌಂಟಿಗಳಲ್ಲಿ ಪ್ರತಿಯೊಂದಕ್ಕೂ ಕನಿಷ್ಠ ಒಂದು ಕೇಂದ್ರ. ಇಲ್ಲಿನ ವಿಶ್ವವಿದ್ಯಾಲಯದವರ ಕನಸು ಏನೆಂದರೆ, ಆ ಕೇಂದ್ರಗಳ ಪಕ್ಕದಲ್ಲೇ ಒಂದೊಂದು ಡ್ರೋನ್ ಇಟ್ಟು ಆಗಾಗ ನೆಟ್ಟಗೆ ಮೇಲೆ ಕಳಿಸಿ ಇಳಿಸುವುದು. ಅದಕ್ಕೆಂದೇ ಕಾಪ್ಟರ್‌ಸೋಂಡ್ ಎಂಬ ಡ್ರೋನ್ ಮಾಡಿದ್ದಾರೆ. ಅದರ ಮೂತಿಯಲ್ಲಿ ಒಂದು ಬಾಯಿ ಇದೆ. ಒಳಗಿರುವ ಪುಟ್ಟ ಫ್ಯಾನ್ ಹೊರಗಿನ ಗಾಳಿಯನ್ನು ಎಳೆದು ಸೆನ್ಸರ್‌ಗಳ ಮೇಲೆ ಹಾಯಿಸುತ್ತದೆ. ತಾಪಕ್ಕೆ ಮೂರು, ತೇವಕ್ಕೆ ಮೂರು ಸೆನ್ಸರ್. ಒಂದು ಕೆಟ್ಟರೆ ಉಳಿದೆರಡು ಅದನ್ನು ತೋರಿಸಿಕೊಡುತ್ತವೆ. ಗಾಳಿ ಯಾವ ಕಡೆಯಿಂದ ಬೀಸಿದರೂ ಮೂತಿಯನ್ನು ಆ ಕಡೆಗೇ ತಿರುಗಿಸಿಕೊಳ್ಳುತ್ತದೆ, ನಮ್ಮ ಗಾಳಿಕೋಳಿಯ ಹಾಗೆ.

ಇನ್ನೊಂದು ಚೆಂದದ ವಿಷಯ. ಗಾಳಿಯ ವೇಗ ಅಳೆಯಲು ಅದಕ್ಕೆ ಬೇರೆ ಉಪಕರಣ ಬೇಡ. ಬೀಸುವ ಗಾಳಿಯಲ್ಲಿ ಒಂದೇ ಕಡೆ ನಿಲ್ಲಬೇಕಾದರೆ ಡ್ರೋನ್ ಗಾಳಿಗೆ ಎದುರಾಗಿ ಬಾಗಲೇಬೇಕು, ಬಿರುಗಾಳಿಗೆ ಎದುರು ನಡೆಯುವಾಗ ನಾವು ಮುಂದಕ್ಕೆ ಬಾಗುತ್ತೇವಲ್ಲ ಹಾಗೆ. ಎಷ್ಟು ಬಾಗಿದೆ ಅನ್ನುವುದು ಅದರ ಲಾಗ್‌ನಲ್ಲೇ, ಅಂದರೆ ಹಾರಾಟದ ದಾಖಲೆಯಲ್ಲೇ ಇರುತ್ತದೆ. ಗಾಳಿಮಾಪಕ ಇರುವ ಕಂಬದ ಪಕ್ಕ ಹಲವು ಸಲ ನಿಲ್ಲಿಸಿ, ಇಷ್ಟು ಬಾಗಿದರೆ ಇಷ್ಟು ವೇಗ ಅಂತ ಪಟ್ಟಿ ಮಾಡಿಕೊಳ್ಳುತ್ತಾರೆ.

ಕಾಫಿಕಣ ಅವರೇ, ನಿಮ್ಮ ಒಂದು ತೋಟದ ಮೇಲೆ ಒಂದು ಡ್ರೋನ್ ಹಾರಿಸಿ ಸಂಜೆ ಮಳೆ ಬರುತ್ತದಾ ಅಂತ ಹೇಳಲು ಆಗುವುದಿಲ್ಲ. ಆದರೆ ಘಟ್ಟದ ಅಂಚಿನಲ್ಲಿ ಹತ್ತು ಕಡೆ, ಮಧ್ಯಾಹ್ನ 12 ಗಂಟೆಗೆ, 2 ಕಿ.ಮೀ.ವರೆಗಿನ ಅಳತೆ ಸಿಕ್ಕಿ ಅದು ಮುನ್ಸೂಚನೆಯ ಕಂಪ್ಯೂಟರ್‌ಗೆ ಹೋದರೆ, ನಿಮ್ಮ ಮೊಬೈಲ್‌ಗೆ ಬರುವ ಮಾತು ಇನ್ನಷ್ಟು ನಂಬುವ ಹಾಗಿರುತ್ತದೆ.

ಕಬ್ಬಿನಗದ್ದೆ ಅವರಿಗೆ ಒಂದು ಪರೀಕ್ಷೆ ಕೊಡುತ್ತೇನೆ. ಸೆನ್ಸರ್ ಬದಲಾಯಿಸಿದ ಮೇಲೆ ಮೊದಲು ಮಧ್ಯಾಹ್ನ 2 ಗಂಟೆಗೆ, ಒಳ್ಳೆ ಬಿಸಿಲಲ್ಲಿ ಹಾರಿಸಿ. ಆಗ ಗಾಳಿ ಚೆನ್ನಾಗಿ ಕಲೆತಿರುತ್ತದೆ. 20 ಮೀಟರ್‌ನಿಂದ 120 ಮೀಟರ್‌ಗೆ ಹೋಗುವಷ್ಟರಲ್ಲಿ ಹತ್ತಿರ ಹತ್ತಿರ 1 ಡಿಗ್ರಿ ಇಳಿಯಬೇಕು. ಕಿಲೋಮೀಟರ್‌ಗೆ 9.8 ಡಿಗ್ರಿ ಅನ್ನುವುದು ಒಣಗಾಳಿಯ ನಿಯಮ. ನಿಮ್ಮ ಸೆನ್ಸರ್ ಅದನ್ನು ತೋರಿಸದಿದ್ದರೆ ಬೆಳಗಿನ ಅಂಕಿಯನ್ನೂ ನಂಬಬೇಡಿ.

ಒಣಭೂಮಿ | ಜನವರಿ 11, ಬೆಳಗ್ಗೆ 7:30

ಗದಗ ಕಡೆಯವನು ನಾನು. ಅಳೆಯೋದು ಸರಿ ಅಕ್ಕಾರ, ಇದೇ ಡ್ರೋನಿನಿಂದ ಮಳೆ ತರಿಸಾಕ ಬರೂದಿಲ್ಲೇನ್ರಿ? 2017ರಾಗ ವರ್ಷಧಾರಿ ಅಂತ ಮಾಡಿದ್ರಲ್ಲ.

ನಾರ್ಮನ್_ಕನ್ನಡತಿ | ಜನವರಿ 11, ಬೆಳಗ್ಗೆ 8:05

ಅಣ್ಣಾರ, ಅದು ಬ್ಯಾರೆ ಕೆಲಸ. ವರ್ಷಧಾರಿಯಲ್ಲಿ ವಿಮಾನದಿಂದ ಮೋಡಕ್ಕೆ ರಾಸಾಯನಿಕ ಬಿತ್ತಿದ್ದರು. ಇಲ್ಲಿ ಮಾತಾಡುತ್ತಿರುವುದು ಬರೀ ಅಳತೆ. ಆದರೆ ಬಿತ್ತುವುದಕ್ಕೂ ಯಾವ ಮೋಡ ಹದವಾಗಿದೆ ಅಂತ ಮೊದಲು ಅಳೆಯಲೇಬೇಕಲ್ರಿ.

ಮೋಡ_ಮೇಡಂ | ಜನವರಿ 11, ಸಂಜೆ 4:45

ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಈ ಚರ್ಚೆಯನ್ನು ನನ್ನ ವಿದ್ಯಾರ್ಥಿಗಳಿಗೆ ಓದಿ ಹೇಳಿದೆ. ಎರಡು ವಿಷಯ ಸೇರಿಸಬೇಕು ಅನ್ನಿಸಿತು.

2006ರ ಮಾರ್ಚ್‌ನಲ್ಲಿ ಮಾಲ್ಡೀವ್ಸ್‌ನ ಹನಿಮಾಧೂ ದ್ವೀಪದಿಂದ ಹವಾಮಾನ ವಿಜ್ಞಾನಿ ವಿ. ರಾಮನಾಥನ್ ಅವರ ತಂಡ ಮೂರು ಚಿಕ್ಕ ಮಾನವರಹಿತ ವಿಮಾನಗಳನ್ನು ಹಾರಿಸಿತು. ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಒಂದು ವಿಮಾನ ಮೋಡದ ಕೆಳಗೆ, ಒಂದು ಮೋಡದೊಳಗೆ, ಒಂದು ಮೋಡದ ಮೇಲೆ. ಮೂರೂ ಒಂದರ ಮೇಲೊಂದು ಸಾಲಾಗಿ ಒಂದೇ ಹೊತ್ತಿಗೆ ಹಾರಿದವು. ದಕ್ಷಿಣ ಏಷ್ಯಾದಿಂದ ಹೋಗುವ ಹೊಗೆ ಮಸಿಯ ಕಂದು ಮೋಡ ಸೂರ್ಯನ ಶಾಖವನ್ನು ಎಷ್ಟು ಹೀರುತ್ತದೆ ಅಂತ ನೋಡಬೇಕಿತ್ತು. ಆ ಮಸಿಯಿಂದಾಗಿ ಕೆಳ ವಾತಾವರಣ ಬಿಸಿಲಿಗೆ ಕಾಯುವುದು ಸುಮಾರು ಶೇಕಡಾ 50ರಷ್ಟು ಹೆಚ್ಚುತ್ತದೆ ಅಂತ 2007ರಲ್ಲಿ ಪ್ರಕಟಿಸಿದರು. ಆಲೆಮನೆ ಹೊಗೆ, ಒಲೆ ಹೊಗೆ ಎಲ್ಲಿಯವರೆಗೆ ಹೋಗುತ್ತದೆ ನೋಡಿ.

ಇನ್ನೊಂದು ನೆಲಕ್ಕೆ ಅಂಟಿದ ವಿಷಯ. ಮೋಡವಿಲ್ಲದ, ಗಾಳಿ ಅಲುಗದ ರಾತ್ರಿಯಲ್ಲಿ ಅತಿ ತಣ್ಣನೆ ಜಾಗ ನೆಲವೇ ಅಂತ ಎಲ್ಲರೂ ಅಂದುಕೊಂಡಿದ್ದರು. ನಮ್ಮ ದೇಶದ ವಿಜ್ಞಾನಿಗಳಾದ ಎಲ್. ಎ. ರಾಮದಾಸ್ ಮತ್ತು ಆತ್ಮನಾಥನ್ 1932ರಲ್ಲಿ ಬೇರೆಯದನ್ನೇ ತೋರಿಸಿದರು. ನೆಲದಿಂದ ಒಂದೆರಡು ಗೇಣು ಮೇಲೆ ನೆಲಕ್ಕಿಂತ ತಣ್ಣನೆ ಪದರ ಇರುತ್ತದೆ. ಬಹಳ ವರ್ಷ ಜಗತ್ತು ನಂಬಲಿಲ್ಲ, ಉಪಕರಣ ತಪ್ಪಿರಬೇಕು ಅಂದರು. ಆಮೇಲೆ ಬೆಂಗಳೂರಿನಲ್ಲಿ ವಿಜ್ಞಾನಿ ರೊದ್ದಂ ನರಸಿಂಹ ಮತ್ತು ಸಂಗಡಿಗರು ಅದಕ್ಕೆ ಲೆಕ್ಕ ಕೊಟ್ಟು ವಿವರಿಸಿದರು. ಈ ರಾಮದಾಸ್ ಪದರವನ್ನು ಯಾವ ಡ್ರೋನ್‌ನಿಂದಲೂ ಅಳೆಯಲು ಆಗುವುದಿಲ್ಲ. ರೆಕ್ಕೆ ತಿರುಗಿದ ಮರುಕ್ಷಣ ಅದು ಕಲೆತು ಹೋಗುತ್ತದೆ. ಆದ್ದರಿಂದ ನೆಲದ ಹತ್ತಿರದ ಅಂಕಿಗೆ ಪಾದರಸದ ಥರ್ಮಾಮೀಟರನ್ನೇ ನಂಬಿ.

ಹೈಡ್ರೋಜನ್_ಬಲೂನು | ಜನವರಿ 12, ಬೆಳಗ್ಗೆ 6:10

ಮೇಡಂ ಹೇಳಿದ್ದು ನೂರಕ್ಕೆ ನೂರು ಸತ್ಯ. ಆದರೆ ಒಂದು ಮಾತು ನನಗೆ ಸ್ವಲ್ಪ ಚುಚ್ಚುತ್ತದೆ. 2022ರಲ್ಲಿ ನಮ್ಮ ಭೂ ವಿಜ್ಞಾನ ಸಚಿವಾಲಯದವರು ಬಲೂನಿನ ಜಾಗದಲ್ಲಿ ಡ್ರೋನ್ ಬಳಸುವ ಯೋಚನೆ ಹೇಳಿದ್ದರು, 5 ಕಿ.ಮೀ. ಎತ್ತರದವರೆಗೆ. ಅದನ್ನು ಓದಿದವರು ನನಗೆ ಫೋನ್ ಮಾಡಿ, ನಿಮ್ಮ ಬಲೂನಿನ ಕಾಲ ಮುಗಿಯಿತಂತೆ ಅಂದರು.

ಮುಗಿಯುವುದಿಲ್ಲ. ಮುಂಗಾರಿನ ಎತ್ತರದ ಪೂರ್ವದ ಗಾಳಿ ಬೀಸುವುದು 14, 15 ಕಿ.ಮೀ. ಮೇಲೆ. ಅಲ್ಲಿಗೆ ಯಾವ ನಾಲ್ಕು ರೆಕ್ಕೆಯ ಡ್ರೋನ್ ಹೋಗುತ್ತದೆ? ಜೋರು ಮಳೆ, ಬಿರುಗಾಳಿಯಲ್ಲೂ ನಾವು ಬಲೂನು ಬಿಟ್ಟಿದ್ದೇವೆ. ಬಟ್ಟೆಯೆಲ್ಲ ತೊಯ್ದು, ಮೂರು ಜನ ಹಿಡಿದು ಓಡಿ ಬಿಟ್ಟಿದ್ದೇವೆ.

ನಾರ್ಮನ್_ಕನ್ನಡತಿ | ಜನವರಿ 12, ಬೆಳಗ್ಗೆ 8:20

ಸರ್, ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಸ್ವಿಟ್ಜರ್ಲೆಂಡ್‌ನ ಮೆಟಿಯೋಮ್ಯಾಟಿಕ್ಸ್ ಕಂಪನಿಯ ಡ್ರೋನ್ 6 ಕಿ.ಮೀ.ವರೆಗೆ ಹೋಗುತ್ತದೆ. ಮೋಡದೊಳಗೆ ರೆಕ್ಕೆಗೆ ಮಂಜುಗಡ್ಡೆ ಕಟ್ಟದಂತೆ ರೆಕ್ಕೆಯನ್ನೇ ಬಿಸಿ ಮಾಡುವ ಏರ್ಪಾಡು ಅದರಲ್ಲಿದೆ. ಅದಕ್ಕಿಂತ ಮೇಲಕ್ಕೆ ಬಲೂನೇ ಗತಿ. ಆದರೆ ಡ್ರೋನ್ ಗಂಟೆಗೊಮ್ಮೆ ಹೋಗಬಲ್ಲದು, ಹೋದ ಜಾಗಕ್ಕೇ ವಾಪಸ್ ಬರುತ್ತದೆ, ಸೆನ್ಸರ್ ಉಳಿಯುತ್ತದೆ. ಬಲೂನು ಗಾಳಿಯೊಡನೆ ತೇಲಿ ದೂರ ಹೋಗಿಬಿಡುತ್ತದೆ, ಅಲ್ವಾ?

2018ರ ಜುಲೈನಲ್ಲಿ ಕೊಲರಾಡೋದ ಸ್ಯಾನ್ ಲೂಯಿಸ್ ಕಣಿವೆಯಲ್ಲಿ ಹಲವು ವಿಶ್ವವಿದ್ಯಾಲಯಗಳವರು ಒಟ್ಟಿಗೆ ಸೇರಿ ಒಂದು ವಾರದಲ್ಲಿ 1,287 ಸಲ ಡ್ರೋನ್ ಹಾರಿಸಿದರು. ಬೆಳಗಿನ ಜಾವ ಬೆಟ್ಟದಿಂದ ತಣ್ಣನೆ ಗಾಳಿ ಕಣಿವೆಗೆ ಇಳಿದು ಕೆರೆಯ ನೀರಿನ ಹಾಗೆ ತುಂಬಿಕೊಳ್ಳುವುದನ್ನು, ಬಿಸಿಲೇರಿದ ಮೇಲೆ ಅದು ಕರಗುವುದನ್ನು ಅಳೆದರು. ನಿಮ್ಮ ಆಲೆಮನೆ ಹೊಗೆಯ ಕಥೆಯೇ ಅದು. 2024ರಲ್ಲಿ ವಿಶ್ವ ಹವಾಮಾನ ಸಂಸ್ಥೆಯೂ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆ ಬೇರೆ ದೇಶಗಳ ಹವಾಮಾನ ಡ್ರೋನ್‌ಗಳನ್ನು ಒಟ್ಟಿಗೆ ಪರೀಕ್ಷಿಸಿತು.

ಹೈಡ್ರೋಜನ್_ಬಲೂನು | ಜನವರಿ 12, ಬೆಳಗ್ಗೆ 9:00

ಗಂಟೆಗೊಮ್ಮೆ ಅನ್ನುವುದು ದೊಡ್ಡ ಮಾತು ತಾಯಿ. ನಮ್ಮ ಕಾಲಕ್ಕೆ ಅದು ಕನಸಲ್ಲೂ ಇರಲಿಲ್ಲ. ಮಧ್ಯಾಹ್ನದ ಬಲೂನು ಒಂದು ಇದ್ದಿದ್ದರೆ ಅಂತ ಏಪ್ರಿಲ್ ತಿಂಗಳಲ್ಲಿ ಎಷ್ಟೋ ಸಲ ಅನ್ನಿಸಿದೆ.

ಕಾಫಿಕಣ | ಜನವರಿ 12, ಬೆಳಗ್ಗೆ 10:30

ನಮ್ಮ ತೋಟದಲ್ಲೂ ಹಾರಿಸಿ ನೋಡೋಣ ಅಂತ ಮಗಳು ಹಟ ಹಿಡಿದಿದ್ದಾಳೆ. ಪರವಾನಗಿ ಏನು ಬೇಕು?

ರೋಟರ್_ರಿಪೇರಿ | ಜನವರಿ 12, ಮಧ್ಯಾಹ್ನ 1:15

2021ರ ಡ್ರೋನ್ ನಿಯಮಗಳ ಪ್ರಕಾರ ದೇಶದ ನಕ್ಷೆಯನ್ನು ಹಸಿರು, ಹಳದಿ, ಕೆಂಪು ಅಂತ ಭಾಗ ಮಾಡಿದ್ದಾರೆ. ಸರ್ಕಾರದ ಡಿಜಿಟಲ್ ಸ್ಕೈ ಎಂಬ ಆನ್‌ಲೈನ್ ನಕ್ಷೆಯಲ್ಲಿ ನಿಮ್ಮ ತೋಟ ಯಾವ ಬಣ್ಣದಲ್ಲಿದೆ ನೋಡಿ. ಹಸಿರಿದ್ದರೆ 400 ಅಡಿವರೆಗೆ, ಅಂದರೆ 120 ಮೀಟರ್‌ವರೆಗೆ ಹಾರಿಸಲು ಪ್ರತ್ಯೇಕ ಅನುಮತಿ ಬೇಡ. ಅದಕ್ಕಿಂತ ಮೇಲೆ ಹೋದರೆ ಅದೇ ಜಾಗ ಹಳದಿ ಆಗುತ್ತದೆ, ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಬೇಕು. 2 ಕೆ.ಜಿ. ಒಳಗಿನ ಡ್ರೋನನ್ನು ವ್ಯಾಪಾರಕ್ಕಲ್ಲದೆ ಹಾರಿಸುವುದಾದರೆ ಪೈಲಟ್ ಪ್ರಮಾಣಪತ್ರ ಬೇಡ. ಡ್ರೋನ್ ಸದಾ ಕಣ್ಣಿಗೆ ಕಾಣುವಂತಿರಬೇಕು. ಮಂಜು ಮುಸುಕಿದ್ದರೆ ಹಾರಿಸಲೇಬೇಡಿ. ಮಂಜಿನ ದಿನ ಅಳೆಯಬೇಕು ಅನ್ನುವ ಆಸೆ ನನಗೂ ಇದೆ, ಆದರೆ ಕಾಣದ ಡ್ರೋನ್ ಯಾರ ತಲೆ ಮೇಲೆ ಬೀಳುತ್ತದೋ ಗೊತ್ತಾಗುವುದಿಲ್ಲ.

ಆದ್ದರಿಂದ ನಾವು ನೀವು ನೋಡಬಹುದಾದದ್ದು ಮೊದಲ 120 ಮೀಟರ್. ಹೂಮಳೆಯ ಮುಚ್ಚಳ ಅದಕ್ಕಿಂತ ಬಹಳ ಮೇಲೆ. ಅದನ್ನು ಸರ್ಕಾರವೋ, ವಿಶ್ವವಿದ್ಯಾಲಯವೋ ಅನುಮತಿ ಪಡೆದು ಮಾಡಬೇಕು.

ಕಬ್ಬಿನಗದ್ದೆ | ಜನವರಿ 18, ರಾತ್ರಿ 9:30

ಒಂದು ವಾರ ಸುದ್ದಿ ಇಲ್ಲ ಅಂತ ಅಂದುಕೊಂಡಿರಬಹುದು. ಮೊದಲ ದಿನ ಬಿದಿರು ಕಡ್ಡಿ ಉದ್ದವಾಗಿ ಮೂತಿ ಭಾರ ಆಯಿತು. ಏಳುತ್ತಲೇ ಮುಗ್ಗರಿಸಿ ಎರಡು ರೆಕ್ಕೆ ಮುರಿಯಿತು. ಬ್ಯಾಟರಿಯನ್ನು ಎರಡು ಬೆರಳಷ್ಟು ಹಿಂದಕ್ಕೆ ಸರಿಸಿದ ಮೇಲೆ ಸರಿಯಾಯಿತು. ತುದಿಗೆ ಥರ್ಮಿಸ್ಟರ್, ಅದರ ಮೇಲೆ ತಳ ಕತ್ತರಿಸಿದ ಬಿಳಿ ಪೇಪರ್ ಲೋಟವನ್ನು ಅಡ್ಡ ಮಲಗಿಸಿ ಕಟ್ಟಿದ್ದೇನೆ, ಗಾಳಿ ಆರುಪಾರು ಹೋಗುತ್ತದೆ. ಹಾರಿಸುವ ಮೊದಲು ಪಾದರಸದ ಥರ್ಮಾಮೀಟರ್ ಪಕ್ಕ ಹತ್ತು ನಿಮಿಷ ಇಟ್ಟು ಹೋಲಿಸುತ್ತೇನೆ.

ಮಧ್ಯಾಹ್ನ 2 ಗಂಟೆಯ ಪರೀಕ್ಷೆ: 20 ಮೀಟರ್‌ನಲ್ಲಿ 28.6, 120 ಮೀಟರ್‌ನಲ್ಲಿ 27.5. ಅಕ್ಕ ಹೇಳಿದ ಹಾಗೆಯೇ! ಆ ಅಂಕಿ ನೋಡಿದಾಗ ಗದ್ದೆ ಬದುವಿನ ಮೇಲೆ ಒಬ್ಬನೇ ಕೂಗಿಬಿಟ್ಟೆ.

ಇವತ್ತು ಬೆಳಗ್ಗೆ 6:55ರ ಏರಿಕೆ. ಅಂಗಳದ ಪಾದರಸ 14.6. 20 ಮೀಟರ್‌ನಲ್ಲಿ 15.3. 40ರಲ್ಲಿ 16.4. 60ರಲ್ಲಿ 17.6. 80ರಲ್ಲಿ 17.9. 120ರಲ್ಲಿ 17.8. ಹೊಗೆ ಸರಿಯಾಗಿ 40 ಮತ್ತು 60ರ ನಡುವೆ ಮಲಗಿತ್ತು. ಡ್ರೋನ್ ಕ್ಯಾಮೆರಾದಲ್ಲಿ ನೋಡಿದರೆ ಕೆಳಗೆ ಬೂದುಬಣ್ಣದ ಚಾಪೆ, ಅದರ ಮೇಲೆ ತೆಂಗಿನಮರದ ತಲೆ ಒಂದೂ ಇಲ್ಲ, ದೂರದಲ್ಲಿ ಬೆಟ್ಟದ ನೆತ್ತಿ ಮಾತ್ರ ಬಿಸಿಲಲ್ಲಿ ಹೊಳೆಯುತ್ತಿತ್ತು. ಅಪ್ಪನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಇದರೊಳಗೆ ಇದ್ದೀವಾ ನಾವು" ಅಂದರು.

8:30ಕ್ಕೆ ಅಂಗಳ 17.4, 60 ಮೀಟರ್ 17.7. ಮುಚ್ಚಳ ತೆಳುವಾಗಿದೆ, ಇನ್ನೂ ಇದೆ. 9:40ಕ್ಕೆ ಅಂಗಳ 20.9, 40 ಮೀಟರ್ 20.5, 80 ಮೀಟರ್ 20.1, 120 ಮೀಟರ್ 19.8. ಮುಚ್ಚಳ ಹೋಯಿತು. ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು.

ಮೋಡ_ಮೇಡಂ | ಜನವರಿ 18, ರಾತ್ರಿ 10:05

ಎಷ್ಟು ಚೆಂದದ ಅಂಕಿಗಳು! ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ, ತನಗೆ ತಾಗಿದ ಗಾಳಿಯನ್ನೂ ತಣ್ಣಗೆ ಮಾಡುತ್ತದೆ. ತಣ್ಣನೆ ಗಾಳಿ ಭಾರ, ಕೆಳಗೇ ಕೂರುತ್ತದೆ. ಹೊಗೆ ಏರುತ್ತಾ ಆರುತ್ತದೆ. ಸುತ್ತಲಿನ ಗಾಳಿಯಷ್ಟೇ ಬಿಸಿ ಉಳಿದಾಗ ಅಲ್ಲೇ ನಿಲ್ಲುತ್ತದೆ. ಇನ್ವರ್ಷನ್ ಅಂದರೆ ಇದೇ ಅಂತ ನಾಳೆ ತರಗತಿಯಲ್ಲಿ ನಿಮ್ಮ ಪಟ್ಟಿಯನ್ನೇ ಬೋರ್ಡ್ ಮೇಲೆ ಬರೆಯುತ್ತೇನೆ, ಒಪ್ಪಿಗೆ ಇದೆಯಾ? ಒಂದು ಮೋಡದ ರಾತ್ರಿಯ ಮರುದಿನವೂ ಹಾರಿಸಿ. ಮೋಡ ಶಾಖವನ್ನು ವಾಪಸ್ ಕಳಿಸುತ್ತದೆ, ಮುಚ್ಚಳ ಕಟ್ಟಬಾರದು.

ರೋಟರ್_ರಿಪೇರಿ | ಜನವರಿ 18, ರಾತ್ರಿ 10:40

ಇದನ್ನು ಔಷಧಿ ಹೊಡೆಯುವ ಡ್ರೋನಿನವರೂ ಓದಬೇಕು. ಬೆಳಗ್ಗೆ ಗಾಳಿ ಇಲ್ಲ ಅಂತ ಏಳು ಗಂಟೆಗೇ ಸಿಂಪಡಣೆ ಶುರು ಮಾಡುತ್ತಾರೆ. ಮುಚ್ಚಳ ಇದ್ದಾಗ ಸಣ್ಣ ಹನಿಗಳು ಕೆಳಗೂ ಬೀಳದೆ, ಮೇಲೂ ಹೋಗದೆ ತೇಲಿಕೊಂಡು ಪಕ್ಕದವರ ಹೊಲಕ್ಕೆ, ಮನೆಗೆ ಹೋಗುತ್ತವೆ.

ನಾರ್ಮನ್_ಕನ್ನಡತಿ | ಜನವರಿ 19, ಬೆಳಗ್ಗೆ 7:45

ಒಂದು ಕಠಿಣ ಮಾತೂ ಹೇಳಬೇಕು. ಈ ಅಂಕಿ ಈಗಲೇ ಮುನ್ಸೂಚನೆಯ ಮಾದರಿಗೆ ಹೋಗುವುದಿಲ್ಲ. ಅಲ್ಲಿಗೆ ಹೋಗಬೇಕಾದರೆ ಸೆನ್ಸರ್‌ನ ತಪ್ಪು ಎಷ್ಟು ಅಂತ ಗೊತ್ತಿರಬೇಕು, ದಿನವೂ ಒಂದೇ ಹೊತ್ತಿಗೆ, ಒಂದೇ ನಮೂನೆಯಲ್ಲಿ ಕೂಡಲೇ ತಲುಪಬೇಕು. ಆದರೂ ಬರೆದಿಡಿ. ನಮ್ಮ ರಾಜ್ಯದಲ್ಲಿ ಮಳೆ ಅಳೆಯಲು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಾಪಕಗಳಿವೆ. ಮೇಲಕ್ಕೂ ಹಾಗೆಯೇ ಒಂದು ಜಾಲ ಬರಬೇಕು ಅಂತ ಕೇಳುವ ದಿನ, ತೋರಿಸಲು ಕೈಯಲ್ಲಿ ಏನಾದರೂ ಇರಬೇಕಲ್ಲ.

ಹೈಡ್ರೋಜನ್_ಬಲೂನು | ಜನವರಿ 19, ಬೆಳಗ್ಗೆ 8:30

ಬರೆದಿಡುವ ಪುಸ್ತಕದ ನಮೂನೆ ನಾನು ಮಾಡಿಕೊಡುತ್ತೇನೆ. ತಾರೀಖು, ಹೊತ್ತು, ಮೋಡ ಎಷ್ಟು ಭಾಗ, ಗಾಳಿಯ ದಿಕ್ಕು, ಇಬ್ಬನಿ ಇತ್ತೋ ಇಲ್ಲವೋ. ಹಾರಿಸಿದವರ ಸಹಿ ಇರಲೇಬೇಕು.

ಕಬ್ಬಿನಗದ್ದೆ | ಜನವರಿ 30, ಸಂಜೆ 6:50

ಹನ್ನೊಂದು ದಿನದ ಪಟ್ಟಿ ಹಾಕಿದ್ದೇನೆ. 24ರ ರಾತ್ರಿ ಪೂರ್ತಿ ಮೋಡ ಇತ್ತು. 25ರ ಬೆಳಗ್ಗೆ ಅಂಗಳ 18.8, 60 ಮೀಟರ್ 18.3. ಮುಚ್ಚಳವೇ ಇಲ್ಲ, ಹೊಗೆಯೂ ಕೂರಲಿಲ್ಲ. ಮೇಡಂ ಹೇಳಿದ್ದು ಹಾಗೆಯೇ ಆಯಿತು. ಅವತ್ತು ಅಪ್ಪ ಏಳೂವರೆಗೇ ಕಾಲುವೆ ಏರಿ ಮೇಲೆ ನಡೆದು ಬಂದರು. ಉಳಿದ ದಿನ ಹತ್ತು ಗಂಟೆಗೆ ಹೋಗುತ್ತಿದ್ದಾರೆ.

ಪಟ್ಟಿಯನ್ನು ಆಲೆಮನೆ ಯಜಮಾನರಿಗೂ ತೋರಿಸಿದೆ. ಅವರ ಮೊಮ್ಮಗುವಿಗೂ ಕೆಮ್ಮು ಇದೆಯಂತೆ. ಆಕಾಶ ತಿಳಿಯಾಗಿರುವ ದಿನ ಮೊದಲ ಕೊಪ್ಪರಿಗೆಗೆ ಒಂಬತ್ತೂವರೆ ಮೇಲೆ ಬೆಂಕಿ ಹಾಕಿ ನೋಡೋಣ, ಕಬ್ಬು ಅರೆಯುವುದನ್ನು ಹೊಂದಿಸಿಕೊಳ್ಳಬಹುದು ಅಂದಿದ್ದಾರೆ. ಸೋಮವಾರದಿಂದ ಶುರು.

ಕಾಫಿಕಣ | ಜನವರಿ 30, ರಾತ್ರಿ 8:10

ಭಾನುವಾರ ಮಗಳನ್ನು ಕರೆದುಕೊಂಡು ನಿಮ್ಮ ಊರಿಗೆ ಬರುತ್ತೇನೆ. ಬಿದಿರು ಕಡ್ಡಿ ಕಟ್ಟುವುದನ್ನು ಅವಳು ಕಣ್ಣಾರೆ ನೋಡಬೇಕಂತೆ. ಒಂದು ಬುಟ್ಟಿ ಕಿತ್ತಳೆ ತರುತ್ತೇನೆ.

ಹೈಡ್ರೋಜನ್_ಬಲೂನು | ಜನವರಿ 31, ಬೆಳಗ್ಗೆ 5:40

ಪಟ್ಟಿ ಪೂರ್ತಿ ನೋಡಿದೆ ಮಗಾ. 22ನೇ ತಾರೀಖು 80 ಮೀಟರ್ ಜಾಗ ಖಾಲಿ ಇದೆ. ಮೇಲಿನದು, ಕೆಳಗಿನದು ನೋಡಿ ಅಂದಾಜಿನಿಂದ ತುಂಬಬೇಡ.

ಕಬ್ಬಿನಗದ್ದೆ | ಜನವರಿ 31, ಬೆಳಗ್ಗೆ 6:35

ಇಲ್ಲ ಸರ್, ಖಾಲಿಯೇ ಬಿಟ್ಟಿದ್ದೇನೆ. ಅವತ್ತು ಅಷ್ಟೆತ್ತರದಲ್ಲಿ ವೈರ್ ಸಡಿಲವಾಗಿತ್ತು. ಪಕ್ಕದಲ್ಲಿ ಹಾಗಂತ ಬರೆದು ಸಹಿ ಹಾಕಿದ್ದೇನೆ. ಈಗ ಹೊರಡುತ್ತೇನೆ, 6:55ರ ಏರಿಕೆಗೆ ಹೊತ್ತಾಯಿತು.